ನಮ್ಮ ಬಣ್ಣದ ಶೆಡ್ಡಿಗೆ ಯುರೋಪ್ ಬಂದಿದ್ದು

ಬಣ್ಣದ ತೊಟ್ಟಿ ಮುಂದೆ ನಿಂತೋನಿಗೆ ಕೈಯೂ ಸುಮ್ನಿರಲ್ಲ, ಬಾಯೂ ಸುಮ್ನಿರಲ್ಲ. ಹಂಗಾಗಿ ನಗೆಪಾಟಲು ಆಗೋದಕ್ಕೆ ನಮ್ಮಲ್ಲಿ ಯಾವತ್ತೂ ಬರ ಬಂದಿಲ್ಲ. ವಾರಕ್ಕೊಂದು ಆಗ್ತಾನೇ ಇರೋದು. ಯುರೋಪಿನ ಕಾನೂನು ನಮ್ಮ ಶೆಡ್ಡಿಗೆ ಕಾಲಿಟ್ಟ ಮೇಲೆ ದಿನಕ್ಕೊಂದು ಆಯ್ತು.

ಮೊದ್ಲು ನಾನ್ಯಾರು ಅಂತ ಹೇಳ್ಬಿಡ್ತೀನಿ. ನಾಯಂಡಹಳ್ಳಿಲಿ, ಮೈಸೂರು ರೋಡಿಂದ ಸ್ವಲ್ಪ ಒಳಗೆ ನಮ್ಮ ಗಾರ್ಮೆಂಟ್ಸು. ಮೇಲೆ ಹೊಲಿಗೆ, ಕೆಳಗೆ ಶೆಡ್ಡಲ್ಲಿ ಬಣ್ಣ. ಆ ಶೆಡ್ಡಿಗೆ ನಾನು ಮಾಸ್ಟರ್. ಓದಿರೋದು ಮೂರನೇ ಕ್ಲಾಸು, ಅದನ್ನೂ ಎರಡು ಸಲ. ಆದ್ರೆ ಬಣ್ಣದ ವಿಷಯದಲ್ಲಿ ಈ ಬೆಂಗಳೂರಲ್ಲಿ ನನಗೆ ಸಮ ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ, ನಾನೂ ನೋಡ್ತೀನಿ. ನಾನು ಹಾಕಿದ ಕಪ್ಪು ನೋಡಿದ್ರೆ ಕಾಗೆ ತಲೆ ತಗ್ಗಿಸ್ಕೊಂಡು ಹೋಗುತ್ತೆ. ನಾನು ಹಾಕಿದ ಕೆಂಪು ಬಟ್ಟೆ ಹರಿದು ಚಿಂದಿ ಆದ್ರೂ ಚಿಂದಿ ಕೆಂಪಗೇ ಇರುತ್ತೆ.

ಇಂಥಾ ನನ್ನನ್ನ ಒಂದಿನ ಓನರ್ ಕರೆದು ಕೂರಿಸ್ಕೊಂಡ್ರು. "ಮಾಸ್ಟರ್, ಇಲ್ಲಿನ ಕೆಲಸ ಕಮ್ಮಿ ಆಗ್ತಾ ಇದೆ. ಯುರೋಪಿನ ಒಂದು ಕಂಪ್ನಿ ಆರ್ಡರ್ ಕೊಡೋ ಹಂಗಿದೆ. ಸಿಕ್ರೆ ಶೆಡ್ಡು ಉಳಿಯುತ್ತೆ. ಇಲ್ಲಾಂದ್ರೆ ಬಣ್ಣದ ಕೆಲಸ ನಿಲ್ಸಿ, ಶೆಡ್ಡನ್ನ ಟೈಲ್ಸ್ ಗೋಡೌನಿಗೆ ಬಾಡಿಗೆಗೆ ಕೊಡ್ತೀನಿ," ಅಂದ್ರು.

ಅಂದ್ರೆ ನಾನೂ, ನನ್ನ ಕೈಕೆಳಗಿರೋ ಹನ್ನೊಂದು ಜನಾನೂ ಮನೆಗೆ. ಟೈಲ್ಸ್ ಜೋಡ್ಸಿಡೋದಕ್ಕೆ ಬಣ್ಣದ ಮಾಸ್ಟರ್ ಯಾಕೆ ಬೇಕು ಹೇಳಿ.

"ನಾನಿರೋ ತನಕ ಈ ಶೆಡ್ಡಲ್ಲಿ ಟೈಲ್ಸ್ ಬರಲ್ಲ ಸಾರ್," ಅಂತ ಎದೆ ತಟ್ಕೊಂಡು ಹೇಳಿ ಬಂದೆ. ಆಮೇಲೆ ಆಗಿದ್ದನ್ನ ಕೇಳಿ.

೧. ರೀಚ್ ಆಯ್ತು

ಒಂದಿನ ಓನರ್ ಹೊರಗಡೆ ಹೋಗಿದ್ರು. ಆಫೀಸಲ್ಲಿ ಫೋನು ಹೊಡ್ಕೊಂಡೇ ಹೊಡ್ಕೊಂಡೇ. ನಾನೇ ಎತ್ತಿದೆ. ಆ ಯುರೋಪ್ ಕಂಪ್ನಿಗೆ ಬೆಂಗಳೂರಲ್ಲೇ ಒಂದು ಆಫೀಸಿದೆ, ಅಲ್ಲಿಂದ ಒಬ್ಬ ಹುಡುಗ ಮಾತಾಡ್ದ. ಕನ್ನಡದೋನೇ.

"ಸಾರ್, ನಿಮ್ಮ ಡೈ ಎಲ್ಲಾ ರೀಚ್ ಇದೆಯಾ?"

ನಾನು ಸಾಮಾನಿನ ವಿಷಯ ಅಂದ್ಕೊಂಡೆ. "ನೆನ್ನೇನೆ ರೀಚ್ ಆಯ್ತಪ್ಪ," ಅಂದೆ.

"ನೆನ್ನೆ ಆಯ್ತಾ? ಎಲ್ಲಾನೂ?"

"ಎಲ್ಲಾ ಡ್ರಮ್ಮೂ. ಲಗೇಜ್ ಆಟೋದಲ್ಲಿ ಬಂತು. ಒಂದು ಡ್ರಮ್ ಮಾತ್ರ ಸಿಗ್ನಲ್ ಹತ್ರ ಉರುಳ್ಕೊಂಡು ಹೋಗಿತ್ತು. ಅದನ್ನೂ ಹಿಡ್ಕೊಂಡ್ ಬಂದು ರೀಚ್ ಮಾಡಿಸ್ದೆ."

ಆ ಹುಡುಗ ಏನೋ ಬರ್ಕೊಂಡ. ಆಮೇಲೆ, "ಉರುಳಿ ಹೋಗಿದ್ದನ್ನೂ ರೀಚ್ ಮಾಡ್ಸಿದ್ರಾ? ಪ್ರೂಫ್ ಇದೆಯಾ ಸಾರ್?"

"ಪ್ರೂಫ್ ಏನಪ್ಪ, ಬಾ, ಡ್ರಮ್ ಮೇಲೆ ಕೂರಿಸ್ತೀನಿ."

ಆ ಹುಡುಗ ಬಲೇ ಖುಷಿಯಿಂದ ಫೋನ್ ಇಟ್ಟ. ಸಾಯಂಕಾಲಕ್ಕೆ ಓನರ್ಗೆ ಇಮೇಲು. ನಿಮ್ಮಂಥ ಚಿಕ್ಕ ಫ್ಯಾಕ್ಟರಿಲೂ ಇಷ್ಟು ಶಿಸ್ತು ಇರೋದು ಸಂತೋಷ, ಬಂದು ನೋಡ್ತೀವಿ, ಎಲ್ಲಾ ಸರಿಯಿದ್ರೆ ಆರ್ಡರ್ ನಿಮ್ಗೇ, ಅಂತ. ಓನರ್ ಗಾಬರಿಬಿದ್ದು, ಈ ಕಾನೂನು ಕಟ್ಟಳೆ ನೋಡ್ಕೊಳ್ಳೋಕೆ ಅಂತ ಒಬ್ಬ ಹುಡುಗಿನ ಕೆಲಸಕ್ಕೆ ತಗೊಂಡ್ರು. ಗದಗಿನ ಕಡೆಯೋಳು, ಕೆಮಿಸ್ಟ್ರಿ ಓದಿರೋಳು, ರಾಜಾಜಿನಗರದಲ್ಲಿ ಪಿಜಿಲಿ ಇರೋಳು. ಬಂದ ದಿನದಿಂದ ನನ್ನ ಮಾಸ್ತರ್ರ, ಮಾಸ್ತರ್ರ ಅಂತ ಕರೀತಿದ್ಲು. ಅವರೂರಲ್ಲಿ ಮಾಸ್ತರ್ ಅಂದ್ರೆ ಮೇಷ್ಟ್ರಂತೆ. ಮೂರನೇ ಕ್ಲಾಸಿನೋನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ, ನಾನೂ ಸುಮ್ನಾದೆ.

ಅವಳೇ ಬಿಡಿಸಿ ಹೇಳಿದ್ಲು. "ಮಾಸ್ತರ್ರ, ರೀಚ್ ಅಂದ್ರ ಸಾಮಾನು ಮುಟ್ಟೋದಲ್ರಿ. ಅದು ಯುರೋಪಿನ ಕಾನೂನಿನ ಹೆಸರು. ಬಟ್ಟಿಯೊಳಗ ಯಾವ ಕೆಮಿಕಲ್ ಇರಬಾರ್ದು ಅಂತ ದೊಡ್ಡ ಪಟ್ಟಿ ಐತ್ರಿ."

"ಎಷ್ಟು ವರ್ಷ ಆಯ್ತಮ್ಮ ಆ ಕಾನೂನು ಬಂದು?"

"ಭಾಳ ವರ್ಷ ಆತ್ರಿ."

"ಹಂಗಾದ್ರೆ ಎಲ್ಲಾ ರೀಚ್ ಆಗಿದೆ, ಆ ಕಾನೂನೊಂದೇ ನಾಯಂಡಹಳ್ಳಿಗೆ ರೀಚ್ ಆಗಿಲ್ಲ," ಅಂದೆ.

೨. ಅಜೋ ಫ್ರೀ

ಆ ಹುಡುಗಿ ಪಟ್ಟಿ ಹಿಡ್ಕೊಂಡು ಶೆಡ್ಡೆಲ್ಲಾ ಸುತ್ತಿದ್ಲು. ನನ್ನ ಅರ್ಧ ಡಬ್ಬ ಎತ್ತಿ ಆಚೆಗಿಟ್ಲು. "ಇವ್ಯಾವೂ ನಡಿಯಂಗಿಲ್ರಿ. ಕೆಲವು ಬಣ್ಣದಾಗ ಅಜೋ ಅಂತ ಇರ್ತೈತಿ, ಅದ್ರಾಗ ಕೆಟ್ಟ ಜಾತೀದು ಮೈಗೆ ತಾಗಿದ್ರ ರೋಗ ಬರ್ತೈತಿ. ಪೇಟಿಗೆ ಹೋಗಿ ಅಜೋ ಫ್ರೀ ಅಂತ ಕೇಳಿ ತರ್ರಿ," ಅಂದ್ಲು.

ಆ ರೋಗದ ಮಾತಾಡುವಾಗ ನಾನು ಡ್ರಮ್ ಉರುಳಿಸ್ತಾ ಇದ್ದೆ, ಸದ್ದಲ್ಲಿ ಕೇಳಿಸಲಿಲ್ಲ. ಕೇಳಿಸಿದ್ದು ಕೊನೇಲಿ ಅಜೋ ಫ್ರೀ ಅನ್ನೋದೊಂದೇ. ಫ್ರೀ ಅನ್ನೋದು ಎಲ್ಲಿದ್ರೂ ನನಗೆ ಕೇಳ್ಸುತ್ತೆ.

ಪೇಟೆಲಿ ಬಣ್ಣದಂಗಡಿ ಸೇಟು ನನಗೆ ಹಳೇ ಪರಿಚಯ. ಹೋಗಿ ಕೂತು, "ಅಜೋ ಫ್ರೀ ಕೊಡಪ್ಪ," ಅಂದೆ. ಕೆಂಪು, ನೀಲಿ, ಹಳದಿ ಮೂರು ಡಬ್ಬ ಇಟ್ಟ. ರೇಟ್ ಕೇಳಿದ್ರೆ ಹಳೇದಕ್ಕಿಂತ ಮೇಲೆ.

"ಫ್ರೀ ಅಂತೀಯ, ರೇಟು ಜಾಸ್ತಿ ಹೇಳ್ತೀಯ?"

"ಮಾಸ್ಟರ್, ಇದ್ರಲ್ಲಿ ಅಜೋ ಇಲ್ಲ. ಅದಕ್ಕೇ ರೇಟು ಜಾಸ್ತಿ."

"ಇಲ್ದೇ ಇರೋದಕ್ಕೆ ಜಾಸ್ತಿ ಕೊಡೋದಾ? ಹೋಟ್ಲಲ್ಲಿ ಈರುಳ್ಳಿ ಹಾಕ್ಬೇಡಪ್ಪ ಅಂದ್ರೆ ದೋಸೆಗೆ ಜಾಸ್ತಿ ಈಸ್ಕೋತಾರಾ?"

"ಅಯ್ಯೋ, ಅಜೋ ಫ್ರೀ ಅಂದ್ರೆ..."

"ಗೊತ್ತು ಕಣಯ್ಯ. ಡಬ್ಬದ ಜೊತೆ ಅಜೋ ಫ್ರೀ. ಆ ಅಜೋ ಎಲ್ಲಿ? ತೆಗೀ. ನನ್ನತ್ರಾನೇ ಮುಚ್ಚಿಡ್ತೀಯಾ? ನಿಮ್ಮಪ್ಪನ ಕಾಲದಿಂದ ಈ ಅಂಗಡಿಗೆ ಬರ್ತಾ ಇದೀನಿ."

ಅಂಗಡಿ ಮುಂದೆ ಜನ ಸೇರಿದ್ರು. ಒಬ್ಬ ಹೆಂಗಸಂತೂ, "ಕೊಟ್ಬಿಡಪ್ಪ, ವಯಸ್ಸಾದೋರು ಕೇಳ್ತಾ ಇದಾರೆ," ಅಂತ ನನ್ನ ಪರ ಮಾತಾಡಿದ್ಲು. ಸೇಟು ತಲೆ ಚಚ್ಕೊಂಡು ಒಳಗೆ ಹೋಗಿ, ಯಾವುದೋ ಮೂಲೇಲಿ ಧೂಳು ಹಿಡಿದಿದ್ದ ಕೆಂಪು ಪೊಟ್ಟಣ ತಂದು ನನ್ನ ಕೈಗೆ ಕುಕ್ಕಿದ. "ತಗೊಳ್ಳಿ, ಇದು ಅಜೋ. ಪೂರ್ತಿ ಫ್ರೀ."

ಗೆದ್ದು ಬಂದೆ. ಶೆಡ್ಡಲ್ಲಿ ಎಲ್ಲಾರ ಮುಂದೆ ಪೊಟ್ಟಣ ಎತ್ತಿ ತೋರಿಸ್ದೆ. "ನೋಡಮ್ಮ, ಕೊಡಲ್ಲ ಅಂದ. ಬಿಡ್ಲಿಲ್ಲ ನಾನು."

ಹುಡುಗಿ ಪೊಟ್ಟಣದ ಮೇಲಿದ್ದಿದ್ದು ಓದಿದ್ಲು. ಅಲ್ಲೇ ಸ್ಟೂಲ್ ಮೇಲೆ ಕೂತ್ಕೊಂಡ್ಲು. "ಮಾಸ್ತರ್ರ, ಯುರೋಪಿನವರು ಎಲ್ಲಾದಕ್ಕಿಂತ ಮೊದಲ ಹೊರಗ ಹಾಕಿದ್ದು ಇದನ್ನರಿ."

ಇಡೀ ಖಂಡ ಬೇಡ ಅಂದಿದ್ದನ್ನ ಜಗಳ ಆಡಿ ಮನೆಗೆ ತಂದೋನು ಪ್ರಪಂಚದಲ್ಲಿ ನಾನೊಬ್ನೇ ಇರ್ಬೇಕು.

೩. ಡಬ್ಬಕ್ಕೊಂದು ಚೀಟಿ

ಆಡಿಟ್ ದಿನ ಗೊತ್ತಾಯ್ತು. ಅಂದ್ರೆ ಕಂಪ್ನಿ ಕಡೆಯಿಂದ ಒಬ್ಬ ಮೇಡಂ ಬಂದು ಶೆಡ್ಡು ತಪಾಸಣೆ ಮಾಡ್ತಾರೆ. ಹಿಂದಿನ ದಿನ ನಮ್ಮ ಹುಡುಗಿ ಹೇಳಿದ್ಲು, "ಹೆಸರಿಲ್ಲದ ಡಬ್ಬಿ ಒಂದೂ ಇರಬಾರ್ದು. ಪ್ರತಿ ಡಬ್ಬಿ ಮ್ಯಾಲ ಒಳಗೇನೈತಿ, ಅದರಿಂದ ಏನ್ ಅಪಾಯ ಐತಿ, ಬರ್ದು ಹಚ್ರಿ."

ನನ್ನ ಕೈಬರಹ ನೋಡಿದ್ರೆ ಅದೇ ಒಂದು ಅಪಾಯ. ಅದಕ್ಕೆ ಮೇಲಿಂದ ಇಬ್ರು ಟೈಲರ್ ಹೆಂಗಸರನ್ನ ಕರೆಸ್ದೆ. "ಒಂದು ಡಬ್ಬಾನೂ ಬಿಡಬಾರ್ದು," ಅಂತ ಗದರಿಸಿ, ನಾನು ಟೀಗೆ ಹೋದೆ.

ಹೆಂಗಸರು ಮಾತು ಅಂದ್ರೆ ಮಾತು. ಒಂದನ್ನೂ ಬಿಡಲಿಲ್ಲ.

ಮಾರನೇ ದಿನ ಆಡಿಟರ್ ಮೇಡಂ ಬಂದ್ರು. ಮುಂಬೈಯೋರು, ಹಿಂದಿ ಇಂಗ್ಲಿಷ್ ಎರಡೇ ಬರೋದು. ನಮ್ಮ ಹುಡುಗಿ ಪಕ್ಕದಲ್ಲಿ ನಿಂತು ಒಂದೊಂದೇ ಚೀಟಿ ಓದಿ ಹೇಳ್ತಾ ಹೋದ್ಲು. ಸೋಡಾ, ಅಪಾಯ: ಕೈ ಉರಿ. ಬ್ಲೀಚು, ಅಪಾಯ: ಕಣ್ಣುರಿ. ಇಲ್ಲಿ ತನಕ ಸರಿ. ಆಮೇಲೆ ಟೀ ಡಬ್ಬ ಬಂತು. ಸಕ್ಕರೆ, ಅಪಾಯ: ಶುಗರ್. ಉಪ್ಪು, ಅಪಾಯ: ಬಿಪಿ. ನೀರಿನ ಡ್ರಮ್, ಅಪಾಯ: ಬಂದ್ರೆ ತಾನೇ. ಮೂಲೇಲಿ ನೇತಾಕಿದ್ದ ಮೇಲಿನ ಸೂಪರ್ವೈಸರಮ್ಮನ ಊಟದ ಬ್ಯಾಗು, ಒಳಗೆ: ಬದನೆಕಾಯಿ, ಅಪಾಯ: ನೆನ್ನೇದು. ಓನರ್ ರೂಮಿನ ಬಾಗಿಲಿಗೂ ಒಂದು ಚೀಟಿ. ಅದನ್ನ ಹುಡುಗಿ ಓದಲಿಲ್ಲ, ಕಿತ್ತು ಜೇಬಿಗಿಟ್ಕೊಂಡ್ಲು.

ಆಡಿಟರ್ ಮೇಡಂ ಒಂದೊಂದಕ್ಕೂ ಫೋಟೋ ಹೊಡ್ಕೊಂಡ್ರು. ಆದ್ರೆ ನಾನು ಮುಂದೆ ಮುಂದೆ ನಡೀತಾ ಇದ್ರೆ ಹಿಂದೆ ಎಲ್ಲಾರೂ ಕಿಸಿಕಿಸಿ ನಗೋರು. ನನ್ನ ಹೆದರಿಕೆಗೆ ನಗ್ತಾರೆ ಅಂದ್ಕೊಂಡೆ.

ಸಾಯಂಕಾಲ ವಿಜಯನಗರದ ಬಸ್ ಹತ್ತಿದ್ರೆ ಆಶ್ಚರ್ಯ. ಅಂಥಾ ರಶ್ಶಲ್ಲಿ ಜನ ಅವರಾಗೇ ಪಕ್ಕಕ್ಕೆ ಸರೀತಾರೆ. ಒಬ್ಬ ಎದ್ದು ಸೀಟು ಕೊಟ್ಟ, ಪಕ್ಕದೋನೂ ಎದ್ದ, ಹಿಂದಿನೋನೂ ಎದ್ದ. ಮಾಸ್ಟರ್ ಅಂದ್ರೆ ಊರಿಗೇ ಮರ್ಯಾದೆ ಬಂತಲ್ಲ ಅಂತ ಮೀಸೆ ತಿರುವ್ಕೊಂಡು ಬಂದೆ.

ಮನೇಲಿ ಅಂಗಿ ಬಿಚ್ಚಿ ಕೊಟ್ಟ ಮೇಲೆ ಹೆಂಡ್ತಿ ಅದರ ಬೆನ್ನಿಗೆ ಅಂಟಿಸಿದ್ದ ಚೀಟಿ ಓದಿದ್ಲು. "ಮಾಸ್ಟರ್. ಅಪಾಯ: ಮಾತು. ಸಿಕ್ಕಿಹಾಕೊಂಡ್ರೆ ತಕ್ಷಣ ಗಾಳಿ ಇರೋ ಕಡೆ ಹೋಗಿ."

೪. ನಾಲಿಗೆ ಮೀಟರ್

ಅದೇ ತಪಾಸಣೆ ದಿನದ್ದು ಇನ್ನೊಂದಿದೆ. ಬಣ್ಣದ ನೀರಲ್ಲಿ ಹುಳಿ ಎಷ್ಟು, ಖಾರ ಎಷ್ಟು ಅಂತ ನೋಡೋದಕ್ಕೆ ಪಿಎಚ್ ಮೀಟರ್ ಅಂತ ಒಂದು ಮಿಷಿನ್ ಬರುತ್ತೆ. ಓನರ್ ತಂದಿಟ್ಟಿದ್ರು. ನಾನು ಅದರ ಡಬ್ಬಾನೇ ಬಿಚ್ಚಿರ್ಲಿಲ್ಲ. ಯಾಕೆ ಬಿಚ್ಚಲಿ? ನನ್ನ ಗುರು ನನಗೆ ಹೇಳ್ಕೊಟ್ಟಿದ್ದು ನಾಲಿಗೆ. ನೀರಿಗೆ ಬೆರಳದ್ದಿ ನಾಲಿಗೆ ತುದಿಗೆ ಮುಟ್ಟಿಸಿ ಉಗಿದ್ರೆ ಸಾಕು. ಸೋಡಾ ಜಾಸ್ತಿ ಆದ್ರೆ ಚುರ್ ಅನ್ನುತ್ತೆ, ಹುಳಿ ಜಾಸ್ತಿ ಆದ್ರೆ ಜುಮ್ ಅನ್ನುತ್ತೆ. ಸರಿಯಾಗಿದ್ರೆ ಸಪ್ಪೆ.

ಆಡಿಟರ್ ಮೇಡಂ ತೊಟ್ಟಿ ಹತ್ರ ನಿಂತು, "ಪಿಎಚ್ ಹೆಂಗೆ ನೋಡ್ತೀರಾ? ಮೀಟರ್ ತೋರ್ಸಿ," ಅಂತ ಕೇಳಿದ್ರಂತೆ. ನಮ್ಮ ಹುಡುಗಿ ಕನ್ನಡಕ್ಕೆ ತಿರುಗಿಸಿ ಹೇಳಿ ಮುಗಿಸೋದ್ರೊಳಗೆ ನಾನು ತೋರಿಸ್ಬಿಟ್ಟೆ. ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ, ಕಣ್ಮುಚ್ಚಿ, "ಏಳೂವರೆ," ಅಂದೆ.

ಮೇಡಂ ಕೈಲಿದ್ದ ಪೆನ್ನು ತೊಟ್ಟಿಗೆ ಬಿತ್ತು.

ಹುಡುಗಿ ಓಡಿಹೋಗಿ ಆ ಮಿಷಿನ್ ಡಬ್ಬ ಒಡೆದು, ತಂದು ನೀರಿಗೆ ಇಟ್ಲು. ಏನು ಬಂತು ಹೇಳಿ? ಏಳು ಪಾಯಿಂಟ್ ನಾಲ್ಕು. ಹತ್ತಿರ ಹತ್ತಿರ ಸರಿ. ನಾನು ಎದೆ ಸೆಟೆಸ್ಕೊಂಡು ನಿಂತೆ. ಮೇಡಂ ನನ್ನ ನಾಲಿಗೆ ನೋಡ್ಬೇಕು ಅಂದ್ರು. ಚಾಚಿದೆ. ಆವತ್ತು ಮೇಲೆ ಹೊಲಿಯೋರ ಯೂನಿಫಾರ್ಮ್ ಬಟ್ಟೆಗೆ ನೀಲಿ ಹಾಕ್ತಾ ಇದ್ವಿ. ನಾಲಿಗೆ ಬಣ್ಣ ಹೇಳ್ಬೇಕಾಗಿಲ್ಲ.

ವಾರ ಬಿಟ್ಟು ರಿಪೋರ್ಟ್ ಬಂತು. ಹುಡುಗಿ ಓದಿದ್ಲು: "ಶೆಡ್ಡಿನೊಳಗ ಎರಡು ಪಿಎಚ್ ಮೀಟರ್ ಅದಾವು. ಒಂದಕ್ಕ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇಲ್ಲ. ಅದನ್ನ ಬಳಸೋದು ತಕ್ಷಣ ನಿಲ್ಸಬೇಕು."

"ಹಂಗಂದ್ರೇನಮ್ಮ?"

"ಆಗಾಗ ಪರೀಕ್ಷಾ ಮಾಡಿ ಅಳತೀಗ ತರೋದ್ರಿ. ನಿಮ್ಮ ನಾಲಿಗೀಗ ಅದನ್ನ ಯಾರ ಕಡೆ ಮಾಡಿಸ್ಲಿ ಹೇಳ್ರಿ?"

ಮನೆಗೆ ಬಂದು ಹೆಂಡ್ತಿಗೆ ಹೇಳ್ದೆ. ಅವಳು ಸೊಪ್ಪು ಬಿಡಿಸ್ತಾ ಇದ್ಲು, ತಲೆ ಕೂಡ ಎತ್ತಲಿಲ್ಲ. "ಮದುವೆ ಆದಾಗಿಂದ ನಾನು ಅದನ್ನ ಅಳತೆಗೆ ತರೋಕೆ ನೋಡ್ತಾ ಇದೀನಿ. ಆಗಲ್ಲ ಅಂತ ಬರ್ಕೊಡ್ತೀನಿ, ತಗೊಂಡ್ ಹೋಗಿ ಕೊಡಿ," ಅಂದ್ಲು.

೫. ನಿಕಲ್

ಇದು ಚಿಕ್ಕದು. ಪ್ಯಾಂಟಿನ ಲೋಹದ ಗುಂಡಿಲಿ ನಿಕಲ್ ಅನ್ನೋ ಲೋಹ ಜಾಸ್ತಿ ಇರಬಾರ್ದಂತೆ, ಯುರೋಪಿನೋರ ಮೈಗೆ ತಾಗಿದ್ರೆ ತುರಿಕೆಯಂತೆ. ಇದು ನಮಗೆ ಆಮೇಲೆ ಗೊತ್ತಾಗಿದ್ದು.

ನಮಗೆ ಗುಂಡಿ ತಂದುಕೊಡೋ ಭಾಯ್ ಒಬ್ರಿದಾರೆ, ಗೋರಿಪಾಳ್ಯದೋರು. ನನ್ನ ವಯಸ್ಸಿನೋರೇ, ಬಲೇ ಮರ್ಯಾದಸ್ತರು, ಗುಂಡಿಗಿಂತ ಜಾಸ್ತಿ ಸಲಾಮು ಕೊಡೋರು. ಆಡಿಟ್ ದಿನ ಪಾಪ ಸ್ಯಾಂಪಲ್ ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಆಫೀಸಲ್ಲಿ ಟೀ ಕುಡೀತಾ ಕೂತಿದ್ರು. ಆಡಿಟರ್ ಮೇಡಂ ಒಳಗೆ ಬಂದ್ರು, ಪೆಟ್ಟಿಗೆಯಿಂದ ಒಂದು ಗುಂಡಿ ಎತ್ಕೊಂಡ್ರು, ಭಾಯ್ ಮುಖ ನೋಡಿದ್ರು.

"ನಿಕಲ್?" ಅಂದ್ರು.

ಭಾಯ್ ಭಾಷೇಲಿ ನಿಕಲ್ ಅಂದ್ರೆ ಹೊರಟೋಗು. ಅವರ ಮುಖ ಬಿಳಿಚ್ಕೊಂಡ್ತು. "ಜೀ ಮೇಡಂ?"

"ನಿಕಲ್, ನಿಕಲ್," ಅಂತ ಮೇಡಂ ಗುಂಡಿ ತೋರಿಸಿ ಜೋರಾಗಿ ಹೇಳಿದ್ರು.

ಭಾಯ್ ಅರ್ಧ ಟೀ ಬಿಟ್ಟು, ಪೆಟ್ಟಿಗೆ ಮುಚ್ಚಿ, ಎದ್ದು ನಿಂತು ಮೇಡಂಗೂ ಸಲಾಂ ಹೇಳಿ ಹೊರಟೇಬಿಟ್ರು. ನಾನು ಗೇಟ್ ತನಕ ಹಿಂದೆ ಓಡಿದೆ. "ಭಾಯ್, ಏನಾಯ್ತು, ನಿಲ್ಲಿ," ಅಂದ್ರೆ, "ಮಾಸ್ಟರ್, ಇಷ್ಟು ವರ್ಷ ಯಾಪಾರ ಮಾಡಿದೀನಿ, ಕೂತ್ಕೊಂಡಿದ್ದ ಮನುಷ್ಯನ್ಗೆ ಎಲ್ಲಾರ್ ಮುಂದೆ ಮೂರು ಸಲ ನಿಕಲ್ ಅಂದ್ರೆ ಇನ್ನೇನ್ ಮಾಡ್ಲಿ ನಾನು," ಅಂದ್ರು. ಕಣ್ಣಲ್ಲಿ ನೀರು.

ಹುಡುಗಿ ಫೋನ್ ಮಾಡಿ ಅದು ಲೋಹದ ಹೆಸರು ಅಂತ ತಿಳಿಸಿ ಹೇಳೋದಕ್ಕೆ ಅರ್ಧ ಗಂಟೆ ಬೇಕಾಯ್ತು. ಭಾಯ್ ನಂಬಿದೆ ಅಂದ್ರು. ಆದ್ರೂ ಮಾರನೇ ದಿನ ಬಂದಾಗ ಒಳಗೆ ಬರಲಿಲ್ಲ. ಗೇಟಿಂದಾನೇ ಇಣುಕಿ, ಮೆಲ್ಲಗೆ ಕೇಳಿದ್ರು:

"ಮಾಸ್ಟರ್, ಆ ಮೇಡಂ ನಿಕಲ್ ಆದ್ರಾ?"

೬. ಕೆಂಪು ಪ್ರಿಂಟು

ಆಡಿಟ್‌ನಲ್ಲಿ ಹೇಳಿದ್ದೆಲ್ಲಾ ಸರಿ ಮಾಡಿದ್ವಿ. ಹೊಸ ಡಬ್ಬ, ಹೊಸ ಚೀಟಿ, ನನ್ನ ನಾಲಿಗೆಗೆ ರಜ. ಇನ್ನು ಉಳಿದಿದ್ದು ಒಂದೇ. ಯುರೋಪಿನೋರು ಹೇಳಿದ ಹಂಗೆ ಒಂದು ಲಾಟ್ ಬನಿಯನ್ ಬಟ್ಟೆ ಮಾಡಿ, ಅದರಲ್ಲೊಂದು ತುಂಡು ಪೀಣ್ಯದ ಲ್ಯಾಬಿಗೆ ಕಳಿಸ್ಬೇಕು. ಪಾಸಾದ್ರೆ ಆರ್ಡರ್. ಫೇಲಾದ್ರೆ ಟೈಲ್ಸ್.

ಯಾವ ಬಣ್ಣ ಕೇಳಿದ್ರು ಗೊತ್ತಾ? ಬಿಳಿ. ಬೆಂಗಳೂರಿಗೇ ನಂಬರ್ ಒನ್ ಬಣ್ಣದ ಮಾಸ್ಟರ್ ಹತ್ರ ಬಂದು ಬಿಳಿ ಕೇಳ್ತಾರೆ. ಮದುವೆ ಊಟದ ಭಟ್ಟರನ್ನ ಕರ್ಸಿ ಬಿಸಿನೀರು ಕಾಯಿಸು ಅಂದಂಗೆ. ಇರ್ಲಿ ಅಂತ ಹಲ್ಲು ಕಚ್ಕೊಂಡು ಮಲ್ಲಿಗೆ ಹೂವಿನಂಥಾ ಬಿಳಿ ತೆಗೆದೆ. ಸ್ಯಾಂಪಲ್ ತುಂಡು ಕತ್ತರಿಸಿ, ಮಡಿಸಿ, ಕವರಿಗೆ ಹಾಕಿ ಅಂಟಿಸೋದು ನನ್ನ ಕೆಲಸ. ಅದನ್ನ ಯಾರ ಕೈಗೂ ಕೊಡಲ್ಲ ನಾನು.

ರಿಪೋರ್ಟ್ ಬಂತು. ಹುಡುಗಿ ಮುಖ ಸಪ್ಪಗಾಯ್ತು. "ಫೇಲ್ ಆಗೈತ್ರಿ. ಬಿಳಿ ಬಟ್ಟಿ ಪಾಸು. ಕೆಂಪು ಪ್ರಿಂಟ್ ಫೇಲು. ಅದ್ರಾಗ ಆ ಕೆಟ್ಟ ಅಜೋ ಐತಿ, ಸೀಸಾನೂ ಐತಿ ಅಂತಾರ."

"ಯಾವ ಕೆಂಪು ಪ್ರಿಂಟು?" ಅಂದೆ ನಾನು.

"ಅದನ್ನ ನಾನೂ ಕೇಳಾಕತ್ತೇನ್ರಿ. ನಮ್ಮಲ್ಲಿ ಪ್ರಿಂಟ್ ಮಷಿನ್ನ ಇಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಲ್ಯಾಬಿಗೆ ನಾನೇ ಫೋನ್ ಮಾಡಿಸಿ ಮಾತಾಡ್ದೆ. "ಏನಪ್ಪ, ಹಾಲಿನಂಥಾ ಬಟ್ಟೆ ಕಳಿಸಿದ್ರೆ ಕೆಂಪು ಪ್ರಿಂಟ್ ಅಂತೀರಾ? ಯಾರ ಬಟ್ಟೆ ಯಾರದ್ದಕ್ಕೆ ಬದಲಾಯಿಸಿದ್ರಿ? ಮೊದ್ಲು ನಿಮ್ಮ ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ."

ಅವರು, "ಸಾರ್, ನಿಮ್ಮದೇ ಕವರು, ನಿಮ್ಮದೇ ಸೀಲು. ಬೇಕಾದ್ರೆ ಇನ್ನೊಂದು ಕಳಿಸಿ," ಅಂದ್ರು.

ಇನ್ನೊಂದು ಕಳಿಸ್ದೆ. ಅದೂ ಫೇಲ್. ಈ ಸಲ ಇನ್ನೊಂದು ಮಾತು ಸೇರಿಸಿದ್ರು: ಕೆಂಪು ಪ್ರಿಂಟಿನ ಸೈಜು ಹಿಂದಿನದಕ್ಕಿಂತ ದೊಡ್ಡದಾಗಿದೆ.

ಶೆಡ್ಡಲ್ಲಿ ಸೂತಕದ ಮನೆ ಹಂಗಾಯ್ತು. ತೊಟ್ಟಿ ಉಜ್ಜಿದ್ವಿ, ಪೈಪ್ ಬದಲಾಯಿಸಿದ್ವಿ. ಹುಡುಗಿ ಕೆಂಪು ಕಂಡಿದ್ದನ್ನೆಲ್ಲಾ ಆಚೆಗೆ ಹಾಕಿಸಿದ್ಲು, ಕೆಂಪು ಬಕೆಟ್ಟು, ಕೆಂಪು ಪೊರಕೆ ಎಲ್ಲಾ. ಕೊನೆಗೆ ನನ್ನ ಮುಖಾನೇ ನೋಡ್ತಾ ನಿಂತ್ಲು.

"ಏನಮ್ಮ?"

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ಇಡೀ ಶೆಡ್ಡಿನಾಗ ಈಗ ಕೆಂಪು ಉಳಿದಿರೋದು ನಿಮ್ಮ ಬಾಯಿ ಒಂದರಿ."

ಆವತ್ತಿಂದ ಎಲೆ ಅಡಿಕೆ ಬಿಟ್ಟೆ. ಒಳ್ಳೇ ಕರು ಬಿಡಿಸಿದ ಹಸು ಹಂಗೆ ಶೆಡ್ಡೆಲ್ಲಾ ಅಲೆದಾಡ್ತಿದ್ದೆ. ಅಷ್ಟರಲ್ಲಿ ಟೈಲ್ಸ್ ವ್ಯಾಪಾರಿ ಟೇಪ್ ಹಿಡ್ಕೊಂಡು ಬಂದೇಬಿಟ್ಟ. ನನ್ನ ದೊಡ್ಡ ತೊಟ್ಟಿ ಇರೋ ಜಾಗ ತೋರಿಸಿ, "ಇಲ್ಲಿ ಬಾತ್‌ರೂಮ್ ಟೈಲ್ಸ್ ಇಡಬಹುದು," ಅಂದ. ಹನ್ನೊಂದು ಜನಾನೂ ಕೆಲಸ ನಿಲ್ಸಿ ನನ್ನ ಮುಖ ನೋಡಿದ್ರು. ನಾನು ಹೋಗಿ ಆ ತೊಟ್ಟಿಗೆ ಬೆನ್ನು ಕೊಟ್ಟು ಅಡ್ಡ ನಿಂತ್ಕೊಂಡೆ.

ಅದೇ ಹೊತ್ತಿಗೆ ಓನರ್ ಫೋನಿಗೆ ಲ್ಯಾಬಿಂದ ಫೋಟೋ ಬಂತು. ನಂಬಲ್ಲ ಅಂದ್ರಲ್ಲ, ನೋಡ್ಕೊಳ್ಳಿ ನಿಮ್ಮ ಪ್ರಿಂಟು, ಅಂತ. ಓನರ್ ನೋಡಿದ್ರು. ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದ್ರು. ಹುಡುಗಿಗೆ ಕೊಟ್ರು. ಹುಡುಗಿ ನೋಡಿ ನನಗೆ ಕೊಟ್ಲು.

ಬಿಳಿ ಬಟ್ಟೆ. ಮೂಲೇಲಿ ದುಂಡಗೆ ಕೆಂಪು ಬೊಟ್ಟು. ಅದರ ಕೆಳಗೆ ಸ್ವಲ್ಪ ಹಳದಿ. ಬೊಟ್ಟಿನ ಮಧ್ಯಕ್ಕೆ ಒಂದು ಅಕ್ಕಿ ಕಾಳು ಅಂಟ್ಕೊಂಡಿದೆ.

"ಮಾಸ್ಟರ್," ಅಂದ್ರು ಓನರ್, ಮೆಲ್ಲಗೆ. "ಇದು ಕುಂಕುಮ ಅಲ್ವಾ?"

ಅಲ್ಲ ಅನ್ನಕ್ಕಾಗುತ್ತಾ. ಅಂಗಡೀಲಿ ಸಿಗೋ ಅಗ್ಗದ ಕುಂಕುಮಕ್ಕೆ ಆ ಅಜೋ, ಸೀಸ ಎಲ್ಲಾ ಬೆರೆಸ್ತಾರಂತೆ, ಹುಡುಗಿ ಆಮೇಲೆ ಹೇಳಿದ್ಲು. ನೀವೇ ಹೇಳಿ, ಹೊಸ ಬಟ್ಟೆ ಉಡೋ ಮೊದ್ಲು ಮೂಲೆಗೆ ಅರಿಶಿನ ಕುಂಕುಮ ಹಚ್ಚಲ್ವಾ? ನಾನು ಈ ಕೆಲಸಕ್ಕೆ ಸೇರಿದಾಗಿಂದ ಹೊಸ ಲಾಟಿನ ಮೊದಲನೇ ತುಂಡಿಗೆ ಅರಿಶಿನ ಕುಂಕುಮ ಇಟ್ಟು, ಅಕ್ಷತೆ ಹಾಕಿ ಕೈ ಮುಗಿದೇ ಕಳಿಸೋದು. ಅದೂ ಯುರೋಪಿಗೆ ಹೋಗೋ ಬಟ್ಟೆ. ದೇವರಿಗೆ ತೋರಿಸ್ದೆ ಕಳಿಸ್ತಾರಾ? ಅದಕ್ಕೇ ಆ ಬೊಟ್ಟಿಟ್ಟ ತುಂಡನ್ನೇ ಆರಿಸಿ ಆರಿಸಿ ಲ್ಯಾಬಿಗೆ ಹಾಕಿದ್ದೆ. ಅದು ನನಗೆ ಎಷ್ಟು ಅಭ್ಯಾಸ ಆಗಿತ್ತು ಅಂದ್ರೆ, ಕೆಂಪು ಎಲ್ಲಿಂದ ಬಂತು ಅಂತ ಲ್ಯಾಬಿನೋರ ಜೊತೆ ಜಗಳ ಆಡುವಾಗಲೂ ಹೊಳೆದಿರಲಿಲ್ಲ.

"ಎರಡನೇ ಸಲ ಸೈಜ್ ಯಾಕ್ರಿ ದೊಡ್ಡದ ಆತು?" ಅಂತ ಹುಡುಗಿ ಕೇಳಿದ್ಲು.

"ಮೊದಲನೇ ಸಲ ಫೇಲ್ ಆಯ್ತಲ್ಲಮ್ಮ. ಬೊಟ್ಟು ಸಾಲಲಿಲ್ಲವೇನೋ ಅಂತ..."

ಟೈಲ್ಸ್ ವ್ಯಾಪಾರಿ ಟೇಪ್ ಕೆಳಗೆ ಹಾಕಿ ಗೋಡೆ ಹಿಡ್ಕೊಂಡು ನಕ್ಕ. ಓನರ್ ನಗಲಿಲ್ಲ. ಕಂಪ್ನಿಯೋರ ಹತ್ರ ಬೇಡ್ಕೊಂಡು ಕೊನೇದೊಂದು ಅವಕಾಶ ಈಸ್ಕೊಂಡ್ರು. ನನ್ನ ಮುಂದೆ ಕೈ ಜೋಡಿಸಿ ನಿಂತ್ರು. "ಮಾಸ್ಟರ್, ನಿಮ್ಮ ಭಕ್ತಿ ನನಗೆ ಗೊತ್ತು. ಆದ್ರೆ ಈ ಸಲ ಬಟ್ಟೆಗೆ ಏನೂ ಮುಟ್ಟಿಸಬೇಡಿ. ಇದೂ ಹೋದ್ರೆ ಶೆಡ್ಡು ಮುಚ್ಚಿದಂಗೇ."

ಮೂರನೇ ಸಲ ಹುಡುಗಿ ಪೋಲೀಸಿನಂಗೆ ಪಕ್ಕದಲ್ಲೇ ನಿಂತ್ಲು. ಕೈ ತೊಳೆಸಿದ್ಲು, ಜೇಬಲ್ಲಿದ್ದ ಕುಂಕುಮದ ಪೊಟ್ಟಣಾನೂ ಕಿತ್ಕೊಂಡ್ಲು. ತುಂಡು ಕತ್ತರಿಸಿ ಕವರಿಗೆ ಹಾಕ್ದೆ. ಹನ್ನೊಂದು ಮನೆ ಒಲೆ ಆ ಕವರೊಳಗಿತ್ತು ಸ್ವಾಮಿ, ಅದನ್ನ ಬರೀ ಬಟ್ಟೆ ಮಾಡಿ, ದೇವರ ಹೆಸರಿಲ್ಲದೆ ಹೆಂಗೆ ಕಳಿಸಲಿ? ಅಷ್ಟರಲ್ಲಿ ಮೇಲಿಂದ ಓನರ್ ಹುಡುಗಿನ ಕರೆದ್ರು. ಅವಳು ಹೋಗಿ ಬರೋದ್ರೊಳಗೆ ಕವರ್ ಅಂಟಿಸಿ ಇಟ್ಟಿದ್ದೆ.

ಐದು ದಿನ ನನಗೆ ಊಟ ಸೇರಲಿಲ್ಲ. ಆರನೇ ದಿನ ರಿಪೋರ್ಟ್ ಕೊರಿಯರಲ್ಲಿ ಬಂತು. ಎಲ್ಲಾರೂ ತೊಟ್ಟಿ ಬಿಟ್ಟು ಬಂದು ನಿಂತ್ರು. ಮೇಲಿಂದ ಟೈಲರ್ ಹೆಂಗಸರೂ ಮೆಟ್ಟಿಲ ಮೇಲೆ ಸೇರಿದ್ರು. ಹುಡುಗಿ ಓದಿದ್ಲು. "ಸ್ಯಾಂಪಲ್ ಎ, ಬಿಳಿ ಬಟ್ಟಿ. ಅಜೋ ಇಲ್ಲ. ಸೀಸ ಇಲ್ಲ. ಪ್ರಿಂಟ್ ಇಲ್ಲ. ಪಾಸ್ ಆಗೈತ್ರಿ ಮಾಸ್ತರ್ರ."

ಶೆಡ್ಡಲ್ಲಿ ಸಿಳ್ಳೆ ಹೊಡೆದಿದ್ದು ಮೆಟ್ರೋ ಸ್ಟೇಷನ್ ತನಕ ಕೇಳಿಸಿರ್ಬೇಕು. ಓನರ್ ನನ್ನ ಕೈ ಹಿಡ್ಕೊಂಡು ಅಲ್ಲಾಡಿಸ್ತಾನೇ ಇದ್ರು. ನಾನು, "ಹೇಳಿರ್ಲಿಲ್ವಾ ಸಾರ್, ನಾನಿರೋ ತನಕ ಟೈಲ್ಸ್ ಬರಲ್ಲ ಅಂತ," ಅಂದೆ.

ಹುಡುಗಿ ಮಾತ್ರ ಇನ್ನೂ ಕಾಗದ ನೋಡ್ತಾ ಇದ್ಲು. "ಮಾಸ್ತರ್ರ, ಸ್ಯಾಂಪಲ್ ಬಿ ಅಂತ ಇನ್ನೊಂದು ಐತಿ. ನಾವು ಕಳಿಸಿದ್ದು ಒಂದ ಅಲ್ಲೇನ್ರಿ?"

ಎಲ್ಲಾರೂ ನನ್ನ ಕಡೆ ತಿರುಗಿದ್ರು.

"ನೋಡಿ," ಅಂದೆ, "ಬಟ್ಟೆಗೆ ಏನೂ ಮುಟ್ಟಿಸಬೇಡಿ ಅಂದ್ರಿ. ಮುಟ್ಟಿಸಲಿಲ್ಲ. ಕವರೊಳಗೆ ಏನೂ ಇಡಬೇಡಿ ಅಂತ ಯಾರೂ ಹೇಳಿರಲಿಲ್ಲ. ಆವತ್ತು ಬೆಳಿಗ್ಗೆ ನಮ್ಮ ಬೀದಿ ಗಣಪತಿ ಗುಡೀಲಿ ಬಟ್ಟೆ ಹೆಸರಲ್ಲೇ ಅರ್ಚನೆ ಮಾಡಿಸಿದ್ದೆ. ಆ ಪ್ರಸಾದ. ಅದನ್ನೂ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಯೇ ಹಾಕಿದ್ದು."

ಓನರ್ ಮುಖದ ಬಣ್ಣ ನಾನು ಹಾಕಿದ ಬಿಳಿಗಿಂತ ಬಿಳಿ ಆಯ್ತು. "ಅದಕ್ಕೇನ್ ಬರ್ದಿದಾರೆ? ಫೇಲಾ?"

ಹುಡುಗಿ ಕಾಗದ ನನ್ನ ಕೈಗೇ ಕೊಟ್ಲು. ಕೆಳಗೆ ಪೆನ್ನಲ್ಲಿ ಬರೆದಿತ್ತು, ಕನ್ನಡದಲ್ಲಿ. ಹಂಗಾಗಿ ನಾನೇ ಒಂದೊಂದೇ ಅಕ್ಷರ ಕೂಡಿಸಿ, ಎಲ್ಲಾರಿಗೂ ಕೇಳೋ ಹಂಗೆ ಜೋರಾಗಿ ಓದ್ದೆ:

"ಸ್ಯಾಂಪಲ್ ಬಿ. ತೆಂಗಿನಕಾಯಿ ಚೂರು ಒಂದು, ಕಲ್ಲುಸಕ್ಕರೆ ಎರಡು. ಕಳಿಸಿರೋ ಪ್ರಮಾಣ ಸಾಲದು. ಇಲ್ಲಿ ನಾವು ಆರು ಜನ ಇದ್ದೀವಿ."